ಮಗುಚಿ ಬರೆದರೆ ಸ್ಪಿನ್ ಸಿಗುತ್ತದೆ: ನನ್ನ ಅನುಭವ

ಒಂದೇ ಪ್ರೆಸ್‌ನೋಟನ್ನು ಎರಡು ಸಲ ಬರೆಯುವವನನ್ನು ಪತ್ರಿಕೆಯ ಯಾವ ಡೆಸ್ಕ್ ಸುಮ್ನೆ ಬಿಡುತ್ತದೆ? ಮೊದಮೊದಲು ನಕ್ಕರು. ಆಮೇಲೆ ಪುಟ ತಡವಾಗುತ್ತದೆ ಅಂತ ಬೈದರು. ನಾನು ಹುಡುಕುತ್ತಿದ್ದದ್ದು ಸ್ಪಿನ್, ಅಂದರೆ ನಿಜವನ್ನೇ ಬರೆಸಿದವರಿಗೆ ಬೇಕಾದ ಕಡೆ ತಿರುಗಿಸಿ ಹೇಳುವ ಜಾಣತನ. 'ಸ್ಪಿನ್ ಹಿಡಿಯೋಕೆ ಮೂಗು ಸಾಕು, ಅದಕ್ಕೊಂದು ವಿಧಾನ ಬೇರೆ ಕೇಡು' ಅಂತ ಹಿರಿಯ ಉಪಸಂಪಾದಕರೊಬ್ಬರು ಎಲ್ಲರೆದುರೇ ಹೇಳಿದ್ದರು. ಈಗ ತುಸು ಜಾಸ್ತಿಯೇ ನುಣುಪಾಗಿರುವ ಇಂಗ್ಲಿಷ್ ಪ್ರಕಟಣೆ ಬಂದರೆ ಅವರೇ ಅದನ್ನು ನನ್ನ ಕಡೆ ತಳ್ಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡೆಸ್ಕ್‌ನಲ್ಲಿ ಕೂರುವವರಿಗೆ, ಅನುವಾದ ಮಾಡುವವರಿಗೆ ಇಂಟ್ರೊ ಅಂದರೇನು, ಕೋಟ್ ಅಂದರೇನು ಅಂತ ಹೇಳಬೇಕಾಗಿಲ್ಲ. ಕೆಲಸದ ಮಾತಷ್ಟೇ ಹೇಳುತ್ತೇನೆ.

ನಾವೆಲ್ಲ ಎಡವುವುದು ಒಂದೇ ಕಡೆ. ಸ್ಪಿನ್ ಅಂದ ಕೂಡಲೇ ಸುಳ್ಳು ಹುಡುಕಲು ಹೊರಡುತ್ತೇವೆ. ಸುಳ್ಳು ಸಿಗುವುದಿಲ್ಲ. ಸಿಗಲಿಲ್ಲ ಅಂದ ಮೇಲೆ ಕಾಪಿ ಕ್ಲೀನ್ ಅಂತ ಪುಟಕ್ಕೆ ಬಿಡುತ್ತೇವೆ. ಆದರೆ ಪಳಗಿದ ಕೈಯ ಸ್ಪಿನ್‌ನಲ್ಲಿ ಪ್ರತಿ ಸಾಲೂ ನಿಜ. ಆ ಮಾತು ಹುಟ್ಟಿದ್ದೇ ಚೆಂಡಿನ ಆಟದಿಂದ. ಚೆಂಡು ಅದೇ, ನೆಲ ಅದೇ. ಬೆರಳು ಕೊಟ್ಟ ತಿರುವು ಕಾಣುವುದು ಚೆಂಡು ಬಿದ್ದ ಮೇಲೆ. 1984ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ರೇಗನ್ ಮತ್ತು ಮಾಂಡೇಲ್ ನಡುವಿನ ಟಿವಿ ಚರ್ಚೆಯ ದಿನ ನ್ಯೂಯಾರ್ಕ್ ಟೈಮ್ಸ್ ಒಂದು ಸಂಪಾದಕೀಯ ಬರೆಯಿತು. ಚರ್ಚೆ ಮುಗಿದ ಮರುಕ್ಷಣವೇ ಪತ್ರಕರ್ತರ ಕೋಣೆಯಲ್ಲಿ ಸಂತೆ ನೆರೆಯುತ್ತದೆ, ಎರಡೂ ಕಡೆಯ ಸಲಹೆಗಾರರು ಚೆಂದದ ಬಟ್ಟೆ ಹಾಕಿಕೊಂಡು ಸುತ್ತಾಡುತ್ತಾರೆ, ಇವರೇ 'ಸ್ಪಿನ್ ಡಾಕ್ಟರ್'ಗಳು ಅಂತ. ಗಮನಿಸಿ, ಚರ್ಚೆಯನ್ನು ಊರೆಲ್ಲ ನೋಡಿರುತ್ತದೆ. ಯಾರು ಏನು ಹೇಳಿದರು ಅನ್ನುವುದರಲ್ಲಿ ಸುಳ್ಳು ನಡೆಯುವುದಿಲ್ಲ. ಯಾವ ಮಗ್ಗಲು ಎದುರಿಗೆ ಬರಬೇಕು ಅನ್ನುವುದಷ್ಟೇ ಅವರ ಕೈಯಲ್ಲಿತ್ತು. ಇದನ್ನು ತಲೆಯಲ್ಲಿಟ್ಟುಕೊಳ್ಳದೆ ನಾನು ಮಾಡಿದ ಪ್ರಯತ್ನಗಳೆಲ್ಲ ನೆಲಕಚ್ಚಿದವು.

ಮೊದಲನೆಯದು ಪದಗಳ ಪಟ್ಟಿ. 'ಐತಿಹಾಸಿಕ', 'ದಿಟ್ಟ', 'ಮಹತ್ವಾಕಾಂಕ್ಷೆಯ', 'ಕೇವಲ', 'ಬರೋಬ್ಬರಿ', 'ಒಪ್ಪಿಕೊಂಡರು', 'ಸಮರ್ಥಿಸಿಕೊಂಡರು'. ಹೀಗೆ ವಾಲಿಕೊಂಡ ಪದಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ತುಂಬಿದೆ. ನಾನೂರರ ಹತ್ತಿರ ಆಗಿತ್ತು ಅನಿಸುತ್ತದೆ. ಒಬ್ಬ ಪ್ರೋಗ್ರಾಮರ್ ಕೈಲಿ ಅವನ್ನೆಲ್ಲ ಹಳದಿ ಬಣ್ಣದಲ್ಲಿ ತೋರಿಸುವ ಸ್ಕ್ರಿಪ್ಟ್ ಬರೆಸಿದೆ. ಅರ್ಧ ತಿಂಗಳ ದುಡಿಮೆ ಅದಕ್ಕೇ ಹೋಯಿತು. ಫಲ ಏನಪ್ಪಾ ಅಂದರೆ, ಎಳಸು ಪಿಆರ್‌ನವರ (ಸಂಸ್ಥೆಗಳ ಪ್ರಚಾರ ನೋಡಿಕೊಳ್ಳುವವರ) ಪ್ರಕಟಣೆಗಳು ಅರಿಶಿನ ಬಳಿದ ಹಾಗೆ ಹೊಳೆದವು. ನುರಿತವರದ್ದು ಬೆಳ್ಳಗೆ ಹಾಗೇ ಉಳಿಯಿತು. ನುರಿತವರು ವಿಶೇಷಣ ಹಾಕುವುದೇ ಇಲ್ಲ, ಅಲ್ವಾ? ಅವರ ಕೆಲಸವೆಲ್ಲ ಯಾವ ಅಂಕಿಯನ್ನು ಯಾವುದರ ಪಕ್ಕ ಕೂರಿಸುವುದು ಅನ್ನುವುದರಲ್ಲಿ ಮುಗಿದಿರುತ್ತದೆ.

ಎರಡನೆಯದು ದುಡ್ಡು ಕಟ್ಟಿ ತೆಗೆದುಕೊಂಡ ಸಾಫ್ಟ್‌ವೇರ್. ಬರಹದ ಧಾಟಿ ಹೇಳುತ್ತೇನೆ ಅನ್ನುವಂಥದ್ದು. ಕನ್ನಡ ಅದಕ್ಕೆ ಬಾರದು, ಹಾಗಾಗಿ ಇಂಗ್ಲಿಷ್ ಮೂಲವನ್ನೇ ಕೊಡುತ್ತಿದ್ದೆ. ನೂರಾರು ಜನರನ್ನು ಕೆಲಸದಿಂದ ತೆಗೆದ ಪ್ರಕಟಣೆಯೊಂದಕ್ಕೆ ಅದು 'ತುಂಬಾ ಸಕಾರಾತ್ಮಕ' ಅಂತ ಅಂಕ ಕೊಟ್ಟಿತು. ಅಂದರೆ ಸ್ಪಿನ್ ಹಿಡಿಯಲು ತಂದ ಯಂತ್ರಕ್ಕೇ ಸ್ಪಿನ್ ಕೆಲಸ ಮಾಡಿತ್ತು! ಕೆಲವು ತಿಂಗಳ ಚಂದಾ ದಂಡವಾಯಿತು.

ಮೂರನೆಯದು ಎಲ್ಲರೂ ಮಾಡುವುದೇ. ಎದುರು ಪಕ್ಷದವರಿಗೊಂದು ಫೋನ್ ಮಾಡಿ, ಅವರ ಎರಡು ಸಾಲು ಸೇರಿಸುವುದು. ಇದರಿಂದ ಒಂದು ಸ್ಪಿನ್ ಇದ್ದ ಕಡೆ ಎರಡಾಗುತ್ತದೆ. ಓದುಗ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ನಾನು ಅನುವಾದ ಮಾಡಿದ ಪದದ ಲೆಕ್ಕದಲ್ಲಿ ದುಡಿಯುವವನು. ಫೋನಿನಲ್ಲಿ ಕಳೆದ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ.

ಕೊನೆಗೆ ಕೈಹಿಡಿದದ್ದು ಇದು. ಪ್ರಕಟಣೆಯಲ್ಲಿ ಸೋತವರು ಯಾರು ಅಂತ ಮೊದಲು ಗುರುತು ಮಾಡಿಕೊಳ್ಳುತ್ತೇನೆ. ಆಮೇಲೆ ಅದೇ ಕಾಗದವನ್ನು ಅವರೇ ಬರೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಮಗುಚಿ ಬರೆಯುತ್ತೇನೆ. ಹೊರಗಿನ ಒಂದು ಅಂಕಿಯನ್ನೂ ತರುವ ಹಾಗಿಲ್ಲ. ಪ್ರಕಟಣೆ ಮತ್ತು ಅದರ ಜೊತೆ ಬಂದ ಕೋಷ್ಟಕ, ಅಷ್ಟೇ ಸಾಮಗ್ರಿ.

ಒಂದು ಮಾದರಿ ನೋಡಿ. ಅಂಕಿಗಳನ್ನು ನಾನೇ ಬದಲಿಸಿದ್ದೇನೆ. ಪ್ರಕಟಣೆ ಹೇಳಿದ್ದು: 'ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಸಂಸ್ಥೆಯ ನಷ್ಟ ಶೇ 40ರಷ್ಟು ಇಳಿದಿದೆ. ಕಾರ್ಯಕ್ಷಮತೆ ಹೆಚ್ಚಿಸುವ ಸಲುವಾಗಿ ಸಿಬ್ಬಂದಿ ಬಲವನ್ನು ಮರುಹೊಂದಿಸಲಾಗಿದೆ. ಗ್ರಾಹಕರ ಸಂಖ್ಯೆಯಲ್ಲಿ ಏರಿಕೆಯಾಗಿದೆ.' ಕೊನೆಯ ಪುಟದ ಕೋಷ್ಟಕದಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದದ್ದು: ನಷ್ಟ 100ರಿಂದ 60ಕ್ಕೆ. ಹಿಂದಿನ ವರ್ಷ ಇದೇ ತ್ರೈಮಾಸಿಕದಲ್ಲಿ 20 ಲಾಭ. ಸಿಬ್ಬಂದಿ 1,000ದಿಂದ 850ಕ್ಕೆ. ಈಗ ಕೆಲಸ ಕಳೆದುಕೊಂಡವನ ಕೈಗೆ ಪೆನ್ನು ಕೊಡಿ. 'ಹೋದ ವರ್ಷ ಈ ಹೊತ್ತಿಗೆ ಲಾಭದಲ್ಲಿದ್ದ ಸಂಸ್ಥೆ ಈಗ 60 ನಷ್ಟದಲ್ಲಿದೆ. ಆಡಳಿತ ಮಂಡಳಿ ನೂರಕ್ಕೆ ಹದಿನೈದು ಜನರನ್ನು ಮನೆಗೆ ಕಳಿಸಿದೆ. ಅಷ್ಟಾದರೂ ನಷ್ಟ ನಿಂತಿಲ್ಲ.' ಇದರಲ್ಲೂ ಸುಳ್ಳಿಲ್ಲ ನೋಡಿ. ಇದೂ ಸ್ಪಿನ್ನೇ, ಎಡಕ್ಕೆ ಬದಲು ಬಲಕ್ಕೆ ತಿರುಗಿದೆ ಅಷ್ಟೇ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿಯಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ ಗೆರೆ. ಇಲ್ಲಿ ಗೆರೆ ಬಿದ್ದದ್ದು ಹೋದ ವರ್ಷದ ಲಾಭಕ್ಕೆ, 150 ಜನಕ್ಕೆ, ಗ್ರಾಹಕರ ಏರಿಕೆಗೆ ಮತ್ತು ಶೇ 40ಕ್ಕೆ. ಗೆರೆ ಬಿದ್ದವುಗಳಿಂದಲೇ ನನ್ನ ಇಂಟ್ರೊ, ಅಂದರೆ ಸುದ್ದಿಯ ಆರಂಭದ ಭಾಗ, ಹುಟ್ಟುತ್ತದೆ. ಎರಡರ ಸರಾಸರಿ ತೆಗೆಯಬೇಡಿ, ಅದು ಸಪ್ಪೆಯಾಗುತ್ತದೆ. 'ಸಂಸ್ಥೆ 150 ಜನರನ್ನು ಕೆಲಸದಿಂದ ತೆಗೆದಿದೆ. ಮೂರು ತಿಂಗಳಲ್ಲಿ ನಷ್ಟ 100ರಿಂದ 60ಕ್ಕೆ ಇಳಿದಿದೆ. ಹೋದ ವರ್ಷ ಇದೇ ಹೊತ್ತಿಗೆ 20 ಲಾಭವಿತ್ತು' ಅಂತ ಬರೆದರೆ ಮುಗಿಯಿತು. ಗ್ರಾಹಕರ ಏರಿಕೆ ನಾಲ್ಕನೇ ಸಾಲು.

ಮಗುಚಲು ಆಗದಿದ್ದರೆ ಎರಡೇ ಕಾರಣ. ಪ್ರಕಟಣೆ ನಿಜಕ್ಕೂ ನೇರವಾಗಿದೆ, ಇಲ್ಲವೇ ಸೋತವರಿಗೆ ಬೇಕಾದ ಅಂಕಿಯನ್ನೇ ಕೊಟ್ಟಿಲ್ಲ. ಎರಡನೆಯದಾದರೆ ಪಿಆರ್‌ನವರಿಗೆ ಕೇಳಬೇಕಾದ ಪ್ರಶ್ನೆ ತಾನಾಗೇ ಸಿಕ್ಕಿತು. ಸುಮ್ನೆ 'ಇನ್ನೂ ಮಾಹಿತಿ ಬೇಕಿತ್ತು' ಅನ್ನುವುದಕ್ಕಿಂತ 'ಹೋದ ವರ್ಷದ ಇದೇ ತ್ರೈಮಾಸಿಕದ ಅಂಕಿ ಕೊಡಿ' ಅಂದರೆ ಆ ಕಡೆ ಒಂದು ಕ್ಷಣ ಮಾತೇ ಇರುವುದಿಲ್ಲ. ಆ ಮೌನ ಕೇಳಲು ನನಗಂತೂ ಖುಷಿ.

ಮಗುಚುವಾಗ ನಾನೇ ಹಾಕಿಕೊಂಡ ಕಟ್ಟುಪಾಡು ಒಂದಿದೆ. '-ಲಾಗಿದೆ' ಬೇಡ, 'ಆಗಿದೆ' ಬೇಡ. ಪ್ರತಿ ವಾಕ್ಯದಲ್ಲೂ ಮಾಡಿದವರು ಕಾಣಬೇಕು. 1987ರ ಜನವರಿಯ ಭಾಷಣದಲ್ಲಿ ರೇಗನ್, ಇರಾನ್‌ಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ ಗಂಭೀರ ತಪ್ಪುಗಳು ನಡೆದವು ಅನ್ನುವ ಅರ್ಥದ ಮಾತಾಡಿದ್ದರು. ತಪ್ಪು ಮಾಡಿದ್ದು ಯಾರು ಅನ್ನುವುದು ಆ ವಾಕ್ಯದಲ್ಲಿಲ್ಲ. ಇಂಗ್ಲಿಷಿನಲ್ಲಿ ಹೀಗೆ ತಪ್ಪಿಸಿಕೊಂಡರೆ ಓದುವವರು ಹಿಡಿದು ಆಡಿಕೊಳ್ಳುತ್ತಾರೆ. ನಮ್ಮಲ್ಲಿ 'ತಪ್ಪಾಗಿದೆ' ಅನ್ನುವುದು ದಿನಬಳಕೆಯ ಮಾತು, ಯಾರ ಕಿವಿಗೂ ಚುಚ್ಚುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಎದ್ದು ಕಾಣುವ ಸ್ಪಿನ್ ಅನುವಾದವಾಗುತ್ತಲೇ ಕರಗಿ ಹೋಗುತ್ತದೆ. ಈ ಅಪಾಯ ನಮ್ಮ ಡೆಸ್ಕ್‌ಗಳಲ್ಲಿ ಯಾರೂ ಮಾತಾಡದ ವಿಷಯ.

ಇನ್ನೊಂದು ಕಟ್ಟುಪಾಡು ಶೇಕಡಾದ್ದು. ಶೇಕಡಾ ಬಂದರೆ ಎಷ್ಟು ಜನರಲ್ಲಿ ಎಷ್ಟು ಅಂತ ಬಿಡಿಸಬೇಕು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅನ್ನುವ ಎಚ್ಚರಿಕೆ ಹೊರಟಿತು. ದುಪ್ಪಟ್ಟು ನಿಜವೇ. ಹತ್ತಿರ ಹತ್ತಿರ 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಹೆದರಿ ಎಷ್ಟೋ ಜನ ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಿದವು ಅಂತ ಅಂದಾಜು. ಯಾರೂ ಬೇಕಂತಲೇ ತಿರುಚಿರಲಿಲ್ಲ. ಅಂಕಿ ಬರೆದ ರೀತಿಯೇ ಅಷ್ಟು ಕೆಲಸ ಮಾಡಿತು. ಅಂದಿನಿಂದ ಶೇಕಡಾ ಕಂಡರೆ ನನ್ನ ಕೈ ಕ್ಯಾಲ್ಕುಲೇಟರ್ ಕಡೆ ಹೋಗುತ್ತದೆ ಅಂತ ಬರೆಯಬಹುದಿತ್ತು. ಆದರೆ 1995ರಲ್ಲಿ ನಾನಿನ್ನೂ ಈ ಕೆಲಸದಲ್ಲೇ ಇರಲಿಲ್ಲ!

ದುಡ್ಡಿನ ಮಾತಿಗೆ ಬರೋಣ. ಆರಂಭದಲ್ಲಿ ಒಂದು ಪ್ರಕಟಣೆ ಮಗುಚಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮಗುಚಿದ ಪದಗಳಿಗೆ ಯಾರೂ ಬಿಲ್ ಪಾಸ್ ಮಾಡುವುದಿಲ್ಲ. ಆ ದಿನಗಳಲ್ಲಿ ತಿಂಗಳ ಸಂಪಾದನೆ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಖಾಯಂ ಕೆಲಸ ಕೊಡುತ್ತಿದ್ದ ಪಿಆರ್ ಸಂಸ್ಥೆಯೊಂದು ಕೈಬಿಟ್ಟಿತು. ಅವರ ಪ್ರಕಟಣೆಯ ಅನುವಾದದ ಜೊತೆ 'ಮೂರನೇ ಸಾಲಿಗೆ ಈ ಪ್ರಶ್ನೆ ಬರುತ್ತದೆ, ಉತ್ತರ ಇಟ್ಟುಕೊಳ್ಳಿ' ಅಂತ ಒಳ್ಳೆಯ ಮನಸ್ಸಿನಿಂದಲೇ ಚೀಟಿ ಕಳಿಸಿದ್ದೆ. ಅವರಿಗೆ ಅದು ಹಿಡಿಸಲಿಲ್ಲ. ತಮಾಷೆ ಅಂದರೆ, ಆಮೇಲೆ ಇನ್ನೊಂದು ಸಂಸ್ಥೆ ಅಂಥದೇ ಚೀಟಿಗೆ ಬೇರೆ ದರ ಕೊಡಲು ಮುಂದೆ ಬಂತು. ಪ್ರಕಟಣೆ ಹೊರಹೋಗುವ ಮೊದಲು ಮಗುಚಿ ಓದಿ ಕೊಡುವುದು, ಅನುವಾದದ ಮೂರು ಪಟ್ಟು. ಡೆಸ್ಕ್‌ಗೆ ಬರುವ ಪ್ರಕಟಣೆ ಅವರದ್ದಾದರೆ ನಾನು ಮುಟ್ಟುವುದಿಲ್ಲ ಅಂತ ಎರಡೂ ಕಡೆ ಮೊದಲೇ ಹೇಳಿದ್ದೇನೆ. ಹೋದದ್ದೆಲ್ಲ ಹೆಚ್ಚೂಕಡಿಮೆ ವಾಪಸ್ ಬಂದಿದೆ. ಈಗ ಕೈ ಪಳಗಿದೆ. ಹತ್ತು ಹದಿನೈದು ನಿಮಿಷ ಸಾಕು.

ಎಲ್ಲವನ್ನೂ ಮಗುಚುವುದಿಲ್ಲ. ಆರೇಳು ಪ್ರಕಟಣೆಗಳಲ್ಲಿ ಒಂದನ್ನು ಆರಿಸುತ್ತೇನೆ. ಆರಿಸುವುದು ಹೇಗೆ ಅನ್ನುವುದರಲ್ಲಿ ಅರ್ಧ ಹೇಳುತ್ತೇನೆ: ಬಂದ ಹೊತ್ತು ನೋಡಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ಗೋಪುರಗಳು ಉರಿಯುತ್ತಿದ್ದಾಗಲೇ ಬ್ರಿಟನ್ನಿನ ಸಾರಿಗೆ ಇಲಾಖೆಯ ಸಲಹೆಗಾರ್ತಿಯೊಬ್ಬರು, ಹೂತುಹಾಕಬೇಕಾದ ಸುದ್ದಿ ಏನಿದ್ದರೂ ಹೊರಬಿಡಲು ಇದು ಒಳ್ಳೆಯ ದಿನ ಅಂತ ಇಮೇಲ್ ಬರೆದಿದ್ದರು. ಅದು ಬಯಲಾಗಿ ದೊಡ್ಡ ರಂಪವಾಯಿತು. ಅಷ್ಟು ಕ್ರೂರವಾಗಿ ಬರೆದಿಡುವವರು ಕಡಿಮೆ. ಆದರೆ ಪುಟ ಮುಚ್ಚುವ ಹೊತ್ತಿಗೆ, ಸಾಲು ರಜೆಯ ಹಿಂದಿನ ಸಂಜೆಗೆ ಬರುವ ಪ್ರಕಟಣೆಗಳನ್ನು ಒಂದಷ್ಟು ಕಾಲ ಗುರುತು ಹಾಕುತ್ತಾ ಬಂದೆ. ನನ್ನ ಗೆರೆಗಳು ಜಾಸ್ತಿ ಬಿದ್ದದ್ದು ಅವುಗಳ ಮೇಲೇ. ಉಳಿದರ್ಧ ಗುರುತು ಅಟ್ಯಾಚ್‌ಮೆಂಟ್‌ನಲ್ಲಿದೆ. ಅದನ್ನು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದಲೇ ಪಿಆರ್‌ನವರು ಆ ಕಿಂಡಿ ಮುಚ್ಚುತ್ತಾರೆ.

ನಡುವೆ ಒಂದೆರಡು ಹುಚ್ಚಾಟವನ್ನೂ ಮಾಡಿದೆ. 1981ರಲ್ಲಿ ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನ್ಮನ್ ಪ್ರಕಟಿಸಿದ ಪ್ರಯೋಗ ನೆನಪಿದೆಯಲ್ಲ? 600 ಜನರ ಜೀವಕ್ಕೆ ಕುತ್ತು ತಂದ ರೋಗ. ತಡೆಯಲು ಎರಡು ಯೋಜನೆ: ಒಂದರ ಫಲ ಖಚಿತ, ಇನ್ನೊಂದು ಜೂಜು. '200 ಜನ ಉಳಿಯುತ್ತಾರೆ' ಅಂತ ಹೇಳಿದಾಗ ಖಚಿತ ಫಲದ ಯೋಜನೆಯನ್ನು ಶೇ 72ರಷ್ಟು ಮಂದಿ ಆರಿಸಿದರು. ಅದನ್ನೇ '400 ಜನ ಸಾಯುತ್ತಾರೆ' ಅಂತ ಇನ್ನೊಂದು ಗುಂಪಿಗೆ ಹೇಳಿದಾಗ ಆರಿಸಿದವರು ಶೇ 22. ಕನ್ನಡದಲ್ಲಿ ಎರಡು ಬಗೆಯ ಚೀಟಿ ಮಾಡಿ ಡೆಸ್ಕ್‌ನವರಿಗೆಲ್ಲ ಹಂಚಿದೆ. ಅಷ್ಟು ಅಂತರ ಬರಲಿಲ್ಲ, ಆದರೆ ವಾಲಿದ್ದು ಅದೇ ಕಡೆಗೆ. ಚೀಟಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಕೆಲವರು ವಾರ ಪೂರ್ತಿ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅಪಘಾತದ್ದೂ ಮಾಡಿ ನೋಡಿದೆ. 1974ರಲ್ಲಿ ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ ಕಾರು ಅಪಘಾತದ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದ್ದರು. ಕಾರುಗಳು ಅಪ್ಪಳಿಸಿದಾಗ ಅಂತ ಕೇಳಿದರೆ ಗಂಟೆಗೆ ಸುಮಾರು 41 ಮೈಲಿ, ತಾಗಿದಾಗ ಅಂತ ಕೇಳಿದರೆ 32 ಮೈಲಿ ಅನ್ನುವ ಉತ್ತರ ಬಂತು. ನಾನು 'ಗುದ್ದಿದಾಗ', 'ತಾಗಿದಾಗ' ಅಂತ ಕೇಳಿದೆ. ವ್ಯತ್ಯಾಸ ಕಾಣುತ್ತಿತ್ತು. ಆದರೆ ಕ್ರೈಂ ವರದಿಗಾರನೊಬ್ಬ ವಿಡಿಯೊ ನಿಲ್ಲಿಸಿ, ರಸ್ತೆಯ ಗೆರೆಗಳನ್ನು ಎಣಿಸಿ ಲೆಕ್ಕ ಹಾಕಲು ಕೂತು ನನ್ನ ಪ್ರಯೋಗವನ್ನೇ ಕೆಡಿಸಿದ. ಅಂಥವನಿಗೆ ಯಾವ ಸ್ಪಿನ್ನೂ ತಾಗದು.

ಶುರು ಮಾಡುವವರಿಗೆ ಒಂದು ಮಾತು. ಮಗುಚಿದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಬರೆಯಬೇಡಿ. ಒಮ್ಮೆ ಆ ಫೈಲೇ ಪುಟಕ್ಕೆ ಹೋಗುವುದರಲ್ಲಿತ್ತು. ಪುಟ ವಿನ್ಯಾಸದವರು ಹೆಡ್ಡಿಂಗ್ 'ಖಾರವಾಗಿದೆ' ಅಂತ ಮೆಚ್ಚಿ ಕೇಳಿದ್ದರಿಂದ ಉಳಿದುಕೊಂಡೆವು. ಈಗ ಹಳೆಯ ಪ್ರಿಂಟ್‌ಔಟ್‌ಗಳ ಬೆನ್ನ ಮೇಲೆ ಪೆನ್ನಿನಲ್ಲೇ ಬರೆಯುತ್ತೇನೆ, ಕೆಲಸ ಮುಗಿದ ಮೇಲೆ ಹರಿದು ಹಾಕುತ್ತೇನೆ.

ಭಾಷಣಕ್ಕೆ ಮಾತ್ರ ಇದು ಇನ್ನೂ ಒಗ್ಗಿಲ್ಲ. ಭಾಷಣದ ಹಿಂದೆ ಕೋಷ್ಟಕ ಇರುವುದಿಲ್ಲ, ಮಗುಚಲು ಹೊರಟರೆ ಸಾಮಗ್ರಿ ಸಾಲದು. ಸದ್ಯಕ್ಕೆ ಒಬ್ಬರೇ ಒಂದೇ ವಿಷಯದ ಮೇಲೆ ಬೇರೆ ಬೇರೆ ಸಭೆಗಳಲ್ಲಿ ಆಡಿದ ಭಾಷಣಗಳನ್ನು ಅಕ್ಕಪಕ್ಕ ಇಟ್ಟು ಗೆರೆ ಹಾಕುತ್ತಿದ್ದೇನೆ. ಯಾವ ಸಭೆಯಲ್ಲಿ ಯಾವ ಅಂಕಿ ಬಿಟ್ಟರು ಅನ್ನುವುದು ಸಿಗುತ್ತಿದೆ. ಆದರೆ ಒಂದೊಂದಕ್ಕೆ ಅರ್ಧ ದಿನ ಬೇಕು. ಇದಕ್ಕೆ ದರ ಕೊಡುವವರು ಇನ್ನೂ ಸಿಕ್ಕಿಲ್ಲ.