ಸೈಟಿಗೊಂದು ಮರ: ಮೊದಲು ಪ್ಯಾಕೆಟ್ ಹರಿಯಿರಿ

ನಮ್ಮ ಪಕ್ಕದ ಮನೆಯವರು ಗೇಟಿನ ಹತ್ತಿರ ಸಂಪಿಗೆ ನೆಟ್ಟಿದ್ದರು. ಮೂರು ವರ್ಷವಾದರೂ ಅದು ಎದೆಯೆತ್ತರ ದಾಟಲಿಲ್ಲ. ಒಂದು ದಿನ ಗಾಳಿಗೆ ವಾಲಿತು. ಹಿಡಿದು ಎಳೆದರೆ ಮೂಲಂಗಿ ಕಿತ್ತ ಹಾಗೆ ಕೈಗೇ ಬಂತು. ಬುಡದಲ್ಲಿ ನರ್ಸರಿಯ ಕರಿ ಪ್ಯಾಕೆಟ್ಟು ಹಾಗೇ ಇತ್ತು, ಒಳಗೆ ಬೇರು ಸಿಂಬೆಯಂತೆ ಸುತ್ತಿಕೊಂಡಿತ್ತು. ನೆಟ್ಟವನು ಪ್ಯಾಕೆಟ್ಟಿನ ತಳಕ್ಕೊಂದು ಗೀರು ಹಾಕಿ ಗುಂಡಿಗಿಳಿಸಿದ್ದನಂತೆ. ಇಂಥದ್ದನ್ನು ನಮ್ಮ ಬೀದಿಯಲ್ಲೇ ನಾಲ್ಕೈದು ಸಲ ನೋಡಿದ್ದೇನೆ.

ಮೊದಲು ಆಯ್ಕೆ. ಸಸಿ ನೋಡಬೇಡಿ, ಹದಿನೈದು ವರ್ಷದ ಮರ ನೋಡಿ. 30×40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಮುಂದೆ ಉಳಿಯುವುದು ನಾಲ್ಕೈದು ಅಡಿ. ಅಲ್ಲಿಗೆ ಕರಿಬೇವು, ನಿಂಬೆ, ಪಾರಿಜಾತ ಸಾಕು. ಇನ್ನೂ ಸ್ವಲ್ಪ ಜಾಗವಿದ್ದು ಮಾವೇ ಬೇಕು ಅಂದರೆ ಗಿಡ್ಡಕ್ಕೆ ಬೆಳೆಯುವ ಆಮ್ರಪಾಲಿ ಕಸಿ ತನ್ನಿ, ಅದಕ್ಕೂ ಗೋಡೆಯಿಂದ ಎಂಟು–ಹತ್ತು ಅಡಿ ಬಿಡಿ. ಜಾಗ ಜಾಸ್ತಿ ಇದ್ದರೆ ನನ್ನ ಓಟು ಹೊಂಗೆಗೆ. ಯುಗಾದಿ ಹೊತ್ತಿಗೆ ಹೊಸ ಎಲೆ ಬಿಟ್ಟು, ಬಿಸಿಲು ಏರುವಾಗ ಸರಿಯಾಗಿ ನೆರಳು ಕೊಡುತ್ತದೆ. ಗುಲ್‌ಮೊಹರ್ ಚಂದವೇ. ಆದರೆ ಬೇರು ಮೇಲೆಮೇಲೆ, ಕೊಂಬೆ ಮೆದು. ಏಪ್ರಿಲ್–ಮೇ ಗಾಳಿಮಳೆಗೆ ಕಾರಿನ ಮೇಲೆ ಬೀಳುವುದು ಅದೇ. ‘ಬೇಗ ಬೆಳೆಯುತ್ತೆ ಸಾರ್’ ಅಂತ ನರ್ಸರಿಯವರು ಕೊನೊಕಾರ್ಪಸ್ ಅನ್ನೋ ವಿದೇಶಿ ಗಿಡ ತೋರಿಸಿದರೆ ಸುಮ್ನೆ ಮುಂದೆ ಹೋಗಿ. ಗುಜರಾತ್ 2023ರಲ್ಲೇ ಅದನ್ನು ನೆಡುವುದು ಬೇಡ ಅಂತ ನಿಷೇಧಿಸಿದೆ. ಆಲ, ಅರಳಿ, ಅತ್ತಿಯನ್ನು ಸಂಪಿನ ಹತ್ತಿರ ತರಲೇಬೇಡಿ.

ತಲೆ ಎತ್ತಿ ಕರೆಂಟ್ ತಂತಿಯನ್ನೂ ನೋಡಿಕೊಳ್ಳಿ. ಆಮೇಲೆ ಬೇಡ ಅನ್ನಿಸಿದರೆ ಕಡಿಯುವುದು ಸುಲಭವಲ್ಲ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ, ನಿಮ್ಮ ಸೈಟಿನಲ್ಲೇ ಇದ್ದರೂ ಹೆಚ್ಚಿನ ಮರಗಳಿಗೆ ಅನುಮತಿ ಬೇಕು.

ಸಸಿ ಸೊಂಟದೆತ್ತರ ಇದ್ದರೆ ಸಾಕು. ಸಣ್ಣ ಪ್ಯಾಕೆಟ್ಟಿನಲ್ಲಿ ಹತ್ತಡಿ ಬೆಳೆದಿದ್ದಕ್ಕೆ ದುಡ್ಡು ಸುರಿಯಬೇಡಿ. ಮಳೆಗಾಲದ ಮುಂಚೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ದರಕ್ಕೆ ಸಿಗುತ್ತವೆ.

ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆಸಿ. ಉದ್ದ, ಅಗಲ, ಆಳ ಎರಡೆರಡು ಅಡಿ, ಮಾವಿಗೆ ಮೂರು. ಜಲ್ಲಿ, ಸಿಮೆಂಟ್ ಚೂರು ಆರಿಸಿ ಬಿಸಾಡಿ. ಮೇಲ್ಮಣ್ಣಿಗೆ ಮೂರರಲ್ಲೊಂದು ಪಾಲು ಕೊಳೆತ ಗೊಬ್ಬರ ಬೆರೆಸಿಡಿ. ಅಂಗಡಿಯವರು ಬೇರಿನ ಟಾನಿಕ್ ಅಂತ ಬಾಟಲಿ ಕೊಡುತ್ತಾರೆ, ಬೇಡ. ಎರಡು ಒಳ್ಳೆ ಮಳೆ ಬಿದ್ದ ಮೇಲೆ ನೆಡಿ.

ಎಡವುವುದು ಇಲ್ಲಿಂದ. ನೆಡುವ ಒಂದು ಗಂಟೆ ಮುಂಚೆ ಪ್ಯಾಕೆಟ್ಟಿಗೆ ನೀರು ಹಾಕಿ, ಮಣ್ಣು ಉದುರುವುದಿಲ್ಲ. ಆಮೇಲೆ ನೆಲದ ಮೇಲೆ ಅಡ್ಡ ಮಲಗಿಸಿ, ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿ, ಪೂರ್ತಿ ಸುಲಿಯಿರಿ. ಕಾಂಡ ಹಿಡಿದು ಎಳೆಯಬೇಡಿ. ಮಣ್ಣಿನ ಹೆಂಟೆಯ ಸುತ್ತ ಬೇರು ಸುತ್ತಿಕೊಂಡಿದ್ದರೆ ಚಾಕುವಿನಿಂದ ಮೂರು ಕಡೆ ಉದ್ದಕ್ಕೆ ಗೀರಿ, ಅರ್ಧ ಇಂಚು ಆಳ. ತಳದ ಗಂಟನ್ನು ಕತ್ತರಿಸಿಯೇಬಿಡಿ. ಅಯ್ಯೋ ಪಾಪ ಅನ್ನಿಸುತ್ತದೆ, ಅಲ್ವಾ? ಬಿಟ್ಟರೆ ಆ ಬೇರು ಸುತ್ತುತ್ತಲೇ ಇರುತ್ತದೆ, ಹೊರಗಿನ ಮಣ್ಣಿಗೆ ಇಳಿಯುವುದೇ ಇಲ್ಲ.

ಇನ್ನು ಆಳ. ಗುಂಡಿಯ ಮೇಲೆ ಅಡ್ಡ ಒಂದು ಕೋಲಿಡಿ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಆ ಕೋಲಿನ ಮಟ್ಟಕ್ಕೆ, ಬೇಕಾದರೆ ಎರಡು ಬೆರಳು ಮೇಲಕ್ಕೇ ಇರಲಿ, ಮಣ್ಣು ಮಳೆಗೆ ಕುಸಿಯುತ್ತದೆ. ಗಿಡ ನೆಟ್ಟಗೆ ನಿಲ್ಲಲಿ ಅಂತ ಕಾಂಡವನ್ನು ಹೂಳುವವರೇ ಜಾಸ್ತಿ, ತೊಗಟೆ ಕೊಳೆಯುವುದು ಅದಕ್ಕೇ. ಕಸಿ ಗಿಡವಾದರೆ ಜೋಡಿಸಿದ ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಗಂಟು ಚೆನ್ನಾಗಿ ಕೂಡಿದ್ದರೆ ಅದರ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ. ಗಂಟಿನ ಕೆಳಗಿಂದ ಚಿಗುರು ಬಂದರೆ ಚಿವುಟಿ, ಅದು ನೀವು ತಂದ ಮಾವಲ್ಲ.

ಮಣ್ಣು ತುಂಬಿ, ಕಾಲಿನಿಂದ ಮೆಲ್ಲಗೆ ಒತ್ತಿ. ಬುಡಕ್ಕೆ ಗುಡ್ಡೆ ಹಾಕದೆ ಸುತ್ತ ಪಾತಿ ಕಟ್ಟಿ. ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ.

ಆಸರೆ ಕೋಲನ್ನು ಹೆಂಟೆಯ ಹೊರಗೆ ನೆಡಿ, ಹಳೇ ಪಂಚೆಯ ಚೂರಿನಿಂದ ಎಂಟರ ಆಕಾರದಲ್ಲಿ ಸಡಿಲ ಕಟ್ಟಿ. ಬೈಂಡಿಂಗ್ ವೈರ್ ಬೇಡ, ಕಾಂಡ ದಪ್ಪವಾದಾಗ ಕತ್ತು ಹಿಸುಕುತ್ತದೆ. ಮೊದಲೆರಡು ಬೇಸಿಗೆ ವಾರಕ್ಕೆರಡು ಸಲ ಎರಡೆರಡು ಬಿಂದಿಗೆ ನೀರು ಕೊಡಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ವರ್ಷ ತುಂಬಿದ ಮೇಲೆ ಕೋಲು ಕಿತ್ತುಬಿಡಿ.