ಹೊಟ್ಟಿನ ಬೂದಿ, ಎಣ್ಣೆ ಡಬ್ಬ, ಐದಿಂಚು ಪೈಪು: ನಮ್ಮನೆ ರಾಕೆಟ್ ಒಲೆ

ರಾಕೆಟ್ ಒಲೆ ಅಂದ್ರೆ ಎಲ್ ಆಕಾರದ ಕೊಳವೇಲಿ ಸಣ್ಣ ಸೌದೆ ಉರಿಸಿ, ಹೊಗೆನೂ ಒಳಗೇ ಸುಡೋ ಒಲೆ. ಯೂಟ್ಯೂಬಲ್ಲಿ ನೋಡಿದ್ರೆ ಅದು ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತೋದೇ ಆಗ್ಬಿಟ್ಟೈತೆ. ಚೆನ್ನಾಗೇ ಉರಿಯುತ್ತೆ, ಸುಳ್ಳಲ್ಲ. ಆದ್ರೆ ನಾಕು ಜನಕ್ಕೆ ಅನ್ನ ಸಾರು ಮಾಡೋ ಮನೇಲಿ ಆ ಇಟ್ಟಿಗೆ ಕಾಯೋ ಹೊತ್ತಿಗೆ ಅಡಿಗೆನೇ ಮುಗಿದಿರುತ್ತೆ, ಅಂದ್ರೆ ಮೊದ್ಲು ಹಾಕಿದ ಸೌದೆ ಶಾಖ ಪಾತ್ರೆಗೆ ಹೋಗೋ ಬದ್ಲು ಗೋಡೆನೇ ಕುಡ್ಕೊಂಡು ಕೂತಿರುತ್ತೆ. ನಮ್ಮ ದಾವಣಗೆರೆ ಕಡೆ ಇದಕ್ಕಿಂತ ಒಳ್ಳೆ ಮಾಲು ಕಣ್ಣೆದುರಿಗೇ ಬಿದ್ದಿರುತ್ತೆ, ಭತ್ತದ ಹೊಟ್ಟಿನ ಬೂದಿ. ಭದ್ರಾ ನೀರು ಬರೋ ಕಡೆ ಎಲ್ಲಾ ಭತ್ತ, ಅಕ್ಕಿ ಗಿರಣಿ ಬಾಯ್ಲರ್‌ಗೂ ಹೊಟ್ಟು, ಮಂಡಕ್ಕಿ ಭಟ್ಟಿಗೂ ಹೊಟ್ಟು, ಉರಿದ ಮೇಲೆ ನೂರು ಕೆಜಿಗೆ ಹೆಚ್ಚುಕಮ್ಮಿ ಇಪ್ಪತ್ತು ಕೆಜಿ ಬೂದಿ ಉಳಿಯುತ್ತೆ. ಅದ್ರಲ್ಲಿ ಬಹುಪಾಲು ಸಿಲಿಕಾ, ಅಂದ್ರೆ ಮರಳಲ್ಲಿರೋ ಅಂಶ, ಆದ್ರೆ ಹಗುರ, ಒಳಗೆಲ್ಲಾ ಸಣ್ಣ ಸಣ್ಣ ಗಾಳಿ ಜಾಗ, ಅದ್ಕೇ ಶಾಖ ದಾಟೋಕೆ ಬಿಡಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ತಣ್ಣಗಾಗಬಾರದು ಅಂತ ಮೇಲೆ ಮುಚ್ಚೋದೂ ಇದೇ ಬೂದಿಯಿಂದ.

ಈ ಒಲೆ ಲೆಕ್ಕಾಚಾರ ಅಮೆರಿಕದ ಓರೆಗಾನ್‌ನಲ್ಲಿರೋ ಅಪ್ರೊವೆಚೊ ಸಂಸ್ಥೆಯ ಲ್ಯಾರಿ ವಿನಿಯಾರ್ಸ್ಕಿ ಅನ್ನೋರು 1982ರ ಸುಮಾರಿಗೆ ಹಾಕಿಕೊಟ್ಟಿದ್ದು. ನಮ್ಮಲ್ಲಿ ಅದೇ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಅವರ ಅಸ್ತ್ರ ಒಲೆ ಬಂತು, ಅದು ಬೇರೆ ದಾರಿ, ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ರಾಕೆಟ್ ಒಲೇಲಿ ಹೊಗೆನ ಹೊರಗೆ ಕಳಿಸೋಕಿಂತ ಒಳಗೇ ಸುಡೋದು. ಹೊಗೆ ಅಂದ್ರೆ ಏನು, ಉರೀದೇ ಉಳಿದ ಸೌದೆನೇ ತಾನೆ? ಸೌದೆ ಕಾದಾಗ ಬರೋ ಅನಿಲ ಉರಿಯೋಕೆ ಆರುನೂರು ಡಿಗ್ರಿಗಿಂತ ಮೇಲೆ ಶಾಖ ಬೇಕು, ಜೊತೆಗೆ ಗಾಳಿನೂ ಬೇಕು. ನಮ್ಮ ಮೂರು ಕಲ್ಲಿನ ಒಲೇಲಿ ಉರಿ ಏಳ್ತಿದ್ದಂಗೆ ತಣ್ಣನೆ ಪಾತ್ರೆ ತಳಕ್ಕೆ ಬಡಿದು ಅಲ್ಲೇ ಆರುತ್ತೆ, ಮಸಿ ಕೂರುತ್ತೆ. ಇಲ್ಲಿ ಉರಿ ಮೇಲೆ ಒಂದಡಿ ಬಿಸಿ ಕೊಳವೆ ಇರೋದ್ರಿಂದ ಪಾತ್ರೆ ಮುಟ್ಟೋದ್ರೊಳಗೆ ಹೊಗೆನೂ ಉರಿದುಹೋಗುತ್ತೆ. ಆ ಕೊಳವೆ ಸುತ್ತ ಶಾಖ ಹಿಡಿದಿಡೋ ಬೂದಿ ಇಲ್ಲ ಅಂದ್ರೆ ರಾಕೆಟ್ಟೂ ಇಲ್ಲ ಏನೂ ಇಲ್ಲ, ಬರೀ ಪೈಪು ಅಷ್ಟೆ.

ನಾನು ತಗೊಂಡಿದ್ದು 15 ಕೆಜಿ ಎಣ್ಣೆ ಡಬ್ಬ, ಚೌಕದ್ದು, ಹೋಟೆಲಿನೋರ ಹತ್ರ ಸಿಗುತ್ತಲ್ಲ ಅದು. ಅಗಲ ಒಂಬತ್ತಿಂಚಿನ ಮೇಲೆ ಸ್ವಲ್ಪ, ಎತ್ತರ ಹದಿನಾಕು ಇಂಚು ಹತ್ರ. ಪೈಪು ಗುಜರಿ ಅಂಗಡೀಲಿ ಕೆಜಿ ಲೆಕ್ಕದಲ್ಲಿ ತಂದೆ, ಐದಿಂಚು ಅಗಲದ ಕಬ್ಬಿಣದ್ದು. ಗುಜರಿಯವನು ಹೊಳೀತಿರೋ ಜಿಐ ಪೈಪು ಕೊಡೋಕೆ ಬರ್ತಾನೆ, ತಗೋಬೇಡ್ರಿ, ಅದರ ಸತುವಿನ ಲೇಪನ ವೆಲ್ಡಿಂಗ್ ಮಾಡುವಾಗ್ಲೂ ಉರಿ ಹಾಕಿದಾಗ್ಲೂ ಕೆಟ್ಟ ಹೊಗೆ ಬಿಡುತ್ತೆ, ಅದನ್ನ ಕುಡಿದ್ರೆ ಚಳಿಜ್ವರ ಬಂದಂಗಾಗುತ್ತೆ. ಹನ್ನೆರಡಿಂಚು ನಿಲುವು ಪೈಪು, ಅದರ ಬುಡಕ್ಕೆ ಅಡ್ಡ ಏಳೆಂಟು ಇಂಚಿನ ತುಂಡು, ನಮ್ಮೂರಿನ ವೆಲ್ಡಿಂಗ್ ಶಾಪಿನ ಹುಡುಗ ಎಲ್ ಆಕಾರಕ್ಕೆ ಕೂರಿಸಿ, ನಿಲುವು ಪೈಪಿನ ತಳಕ್ಕೆ ತಗಡು ಬಡಿದು ಕೊಟ್ಟ. "ಏನಣ್ಣ ಇದು, ಬಾಂಬ್ ಮಾಡ್ತೀಯಾ?" ಅಂದ.

ಡಬ್ಬದ ತಳಕ್ಕೆ ಎರಡಿಂಚು ಬೂದಿ ಹಾಕಿ, ಅದರ ಮೇಲೆ ಎಲ್ ಪೈಪು ಕೂರಿಸಿ, ಅಡ್ಡ ತುಂಡನ್ನ ಡಬ್ಬದ ಪಕ್ಕದಲ್ಲಿ ಕೊರೆದ ತೂತಿಂದ ಹೊರಗೆ ಬಿಟ್ಟು, ಸುತ್ತ ಖಾಲಿ ಉಳಿದ ಜಾಗಕ್ಕೆಲ್ಲಾ ಬೂದಿ ತುಂಬಬೇಕು. ಆ ತೂತಿನ ಸಂದಿಗೆ ಮೊದ್ಲೇ ಜೇಡಿಮಣ್ಣು ಮೆತ್ತಿರ್ರಿ, ಇಲ್ಲಾಂದ್ರೆ ಬೂದಿ ನೀರಿನಂಗೆ ಸೋರಿಹೋಗುತ್ತೆ. ಬೂದಿ ಆರಿಸೋದ್ರಲ್ಲೂ ಒಂದು ವಿಷ್ಯ ಐತೆ. ಕಪ್ಪು ಬೂದಿ ಅಂದ್ರೆ ಇನ್ನೂ ಇದ್ದಲು ಉಳಿದಿದೆ ಅಂತ, ಬಿಸಿ ತಗುಲಿದ್ರೆ ಒಳಗೇ ಕೆಂಡ ಹಿಡಿದು ಕುಸಿಯುತ್ತೆ, ಬೂದು ಬಣ್ಣಕ್ಕೆ ತಿರುಗಿರೋದು, ಬೆಳ್ಳಗಿರೋದು ಒಳ್ಳೇದು. ಒಣಗಿರಬೇಕು, ಗಿರಣಿಯೋರು ನೀರು ಹೊಡೆದಿರ್ತಾರೆ, ಬಿಸಿಲಿಗೆ ಹರವಿ ಒಣಗಿಸ್ಕೊಳ್ಳಿ. ತುಂಬುವಾಗ ಮೂಗಿಗೆ ಟವೆಲ್ ಅಲ್ಲ, ಸರಿಯಾದ ಮಾಸ್ಕೇ ಹಾಕ್ರಿ, ಈ ಧೂಳು ಪುಪ್ಪುಸಕ್ಕೆ ಒಳ್ಳೇದಲ್ಲ. ಕುಟ್ಟಿ ಕುಟ್ಟಿ ಬಿಗಿ ಮಾಡೋಕೆ ಹೋಗ್ಬೇಡಿ, ಒಳಗಿನ ಗಾಳಿನೇ ಅದರ ಶಕ್ತಿ. ಮೇಲೆ ಮುಚ್ಚೋಕೆ ಬೂದಿ ಜೇಡಿಮಣ್ಣು ಕಲಸಿ ಒಂದು ಪದರ ಸಾರಿಸಿದ್ರೆ ಸಾಕು.

ಅಡ್ಡ ಪೈಪಿನೊಳಗೆ ಒಂದು ತಗಡಿನ ಹಲಗೆ ಬೇಕು, ತಳದಿಂದ ಮೂರನೇ ಒಂದು ಭಾಗ ಎತ್ತರಕ್ಕೆ. ಮೇಲೆ ಸೌದೆ, ಕೆಳಗೆ ಬರೀ ಗಾಳಿ. ಆ ಕೆಳಗಿನ ಜಾಗಕ್ಕೆ ಸೌದೆ ತುರುಕಬಾರದು, ನಮ್ಮನೇಲಿ ಯಾರಾದ್ರೂ ನೆಂಟರು ಬಂದು ಒಲೆ ಹಚ್ಚಿದ್ರೆ ಮೊದ್ಲು ಮಾಡೋ ಕೆಲಸ ಅದೇ!

ಪಾತ್ರೆ ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನೋದನ್ನ ಜನ ಅಂದಾಜಿಗೆ ಬಿಡ್ತಾರೆ, ಅದಕ್ಕೊಂದು ಸುಲಭದ ಲೆಕ್ಕ ಐತೆ. ಬಿಸಿಗಾಳಿಗೆ ಪೈಪಿನಲ್ಲಿ ಎಷ್ಟು ದಾರಿ ಇತ್ತೋ ಮುಂದೂ ಅಷ್ಟೇ ದಾರಿ ಸಿಗಬೇಕು. ಐದಿಂಚು ಪೈಪಿಗೆ ಅದರ ಕಾಲು ಭಾಗ, ಅಂದ್ರೆ ಒಂದೂಕಾಲು ಇಂಚು ಸಂದಿ ಪಾತ್ರೆ ತಳಕ್ಕೂ ಪೈಪಿನ ಬಾಯಿಗೂ ನಡುವೆ. ಕಮ್ಮಿ ಆದ್ರೆ ಉರಿ ಉಸಿರು ಕಟ್ಟಿ ಸೌದೆ ಬಾಯಿಂದ ಹೊಗೆ ವಾಪಸ್ ಬರುತ್ತೆ, ಜಾಸ್ತಿ ಆದ್ರೆ ಶಾಖ ಪಾತ್ರೆ ಮುಟ್ಟದೇ ಗಾಳಿಗೆ ಹೋಗುತ್ತೆ. ಪಾತ್ರೆ ಕೂರೋಕೆ ಮೂರು ಕಬ್ಬಿಣದ ಆಂಗಲ್ ತುಂಡು ಆ ಅಳತೆಗೆ ನಿಲ್ಲಿಸಿದ್ದೀನಿ. ಆಮೇಲೆ ಬಿಸಿಗಾಳಿ ಬೋಗುಣಿ ಪಕ್ಕಕ್ಕೂ ಉಜ್ಕೊಂಡು ಹೋಗ್ಲಿ ಅಂತ ಸುತ್ತ ತಗಡಿನ ಬಳೆ. ಹತ್ತಿಂಚಿನ ಬೋಗುಣಿಗೆ, ಪೈಪಿನಷ್ಟೇ ದಾರಿ ಅನ್ನೋ ಇದೇ ಲೆಕ್ಕದಲ್ಲಿ, ಬಳೆಗೂ ಬೋಗುಣಿಗೂ ನಡುವೆ ಸುಮಾರು 16 ಮಿಲಿಮೀಟರ್ ಸಂದಿ ಬರುತ್ತೆ, ಬಳೆ ನಾಕಿಂಚು ಎತ್ತರ ಇದ್ರೆ ಸಾಕು. ಬಳೆ ತೆಗೆದು ಒಂದ್ಸಲ, ಹಾಕಿ ಒಂದ್ಸಲ ನೀರು ಕಾಯಿಸಿ ನೋಡ್ರಿ, ಬೇರೆ ಯಾರೂ ಹೇಳೋದೇ ಬೇಡ.

ಸೌದೆ ವಿಷಯಕ್ಕೆ ಬಂದ್ರೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಒಣಗಿದ ಜಾಲಿ ಕೊಂಬೆ, ಹೆಬ್ಬೆಟ್ಟು ಗಾತ್ರದ್ದು ಯಾವುದಾದ್ರೂ ಸರಿ. ತುದಿ ಮಾತ್ರ ಉರೀಬೇಕು, ಉರಿದಂಗೆ ಒಳಗೆ ತಳ್ಳಬೇಕು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ನಮ್ಮಲ್ಲಿ ರಾಶಿ ರಾಶಿ ಇರುತ್ತೆ, ಆದ್ರೆ ಅದು ಇದಕ್ಕಾಗಲ್ಲ, ಪೂರ್ತಿ ಒಳಗೆ ಬಿದ್ದು ಎಲ್ಲಾ ಒಟ್ಟಿಗೆ ಹೊತ್ಕೊಂಡು ಗಾಳಿ ದಾರಿ ಮುಚ್ಚಿಬಿಡುತ್ತೆ. ಅದನ್ನ ಬಚ್ಚಲ ಹಂಡೆಗೇ ಹಾಕ್ತೀವಿ.

ಅವ್ವಂಗೆ ಅನ್ನ, ಬೇಳೆ, ಸಾರು ಎಲ್ಲಾ ಇದ್ರಲ್ಲಿ ಒಪ್ಪಿಗೆ, ಊದುಕೊಳವೆ ಮುಟ್ಟೋ ಕೆಲಸ ಇಲ್ಲ. ರೊಟ್ಟಿಗೆ ಮಾತ್ರ ಒಪ್ಲಿಲ್ಲ. "ಕೆಂಡಾನೇ ಬೀಳಲ್ವಲ್ಲೋ ಇದ್ರಲ್ಲಿ, ರೊಟ್ಟಿ ಎಲ್ಲಿ ಸುಡ್ಲಿ?" ಅಂದ್ಲು. ನಿಜಾನೇ. ಹಂಚಿನ ನಡುವೆ ಉರಿ ಬಡಿದು ಅಲ್ಲಿ ಕರಕಲು, ಅಂಚು ಹಸಿ. ಹಂಚಿನ ಕೆಳಗೆ ದಪ್ಪ ಕಬ್ಬಿಣದ ಬಿಲ್ಲೆ ಇಟ್ರೆ ಉರಿ ಹರಡಿ ಬೇಯೋದೇನೋ ಬೇಯುತ್ತೆ, ಆದ್ರೆ ಕೊನೇಲಿ ಒಲೆ ಬಾಯಿಯ ಕೆಂಡಕ್ಕೆ ಒರಗಿಸಿ ಉಬ್ಬಿಸ್ತಾರಲ್ಲ, ಅದು ಇಲ್ಲಿ ಆಗಲ್ಲ. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನೋರೂ ಇದನ್ನ ಮುಟ್ಟಲ್ಲ, ಅವರ ಕಾವಲಿಗೆ ಅಗಲದ ಉರಿನೇ ಬೇಕು. ಹಂಗಾಗಿ ಹಳೇ ಒಲೆ ಒಡೀಲಿಲ್ಲ, ರೊಟ್ಟಿ ಅಲ್ಲಿ, ಮಿಕ್ಕಿದ್ದು ಇಲ್ಲಿ.

ಮುದ್ದೆ ಮಾಡೋರು, ಚಿತ್ರದುರ್ಗದ ಕಡೆಯೋರು ವಿಶೇಷವಾಗಿ, ಡಬ್ಬ ಹಂಗೇ ಇಟ್ಕೋಬೇಡಿ. ಬೂದಿ ಹಗುರ ಅಲ್ವಾ, ಕೋಲು ಹಾಕಿ ತಿರುವಿದ್ರೆ ಪಾತ್ರೆ ಜೊತೆ ಒಲೆನೂ ತಿರುಗುತ್ತೆ. ಆಂಗಲ್ ಫ್ರೇಮ್ ಒಳಗೆ ಕೂರಿಸಿ, ಇಲ್ಲಾ ಸುತ್ತ ಇಟ್ಟಿಗೆ ಒತ್ತಿ ಕಟ್ಟಿ, ಹೊರಗಡೆ ಇಟ್ಟಿಗೆ ಇದ್ರೆ ತೊಂದ್ರೆ ಇಲ್ಲ.

ಹೊಗೆ ಕಮ್ಮಿ ಅಂತ ಬಾಗಿಲು ಮುಚ್ಚಿದ ಕೋಣೇಲಿ ಉರಿಸಬೇಡಿ, ಕಣ್ಣಿಗೆ ಕಾಣದ ಅನಿಲ ಇದ್ದೇ ಇರುತ್ತೆ, ನಮ್ಮದು ಹಿತ್ತಲ ಶೀಟಿನ ಕೆಳಗೆ ಐತೆ. ಒಳಗಿನ ಪೈಪು ಚಿರಕಾಲ ಬಾಳಲ್ಲ, ಕೆಂಪಗೆ ಕಾದು ಕಾದು ಪದರ ಪದರ ಉದುರುತ್ತೆ, ಅದ್ಕೆ ತೆಳು ತಗಡಲ್ಲಿ ಮಾಡ್ದೆ ದಪ್ಪ ಪೈಪೇ ಹುಡುಕಿ. ಮೇಲಿನ ಮಣ್ಣು ಕೆತ್ತಿ, ಬೂದಿ ಸುರಿದು, ಬೇರೆ ಎಲ್ ಕೂರಿಸಿ ಅದೇ ಬೂದಿ ವಾಪಸ್ ತುಂಬಿದ್ರಾಯ್ತು, ಡಬ್ಬ ತುಕ್ಕು ಹಿಡಿಯೋವರೆಗೆ ಹಂಗೇ ನಡಿಯುತ್ತೆ.