ಹೊಳೆ ತನ್ನ ಚಿನ್ನವನ್ನು ಎಲ್ಲಿ ಇಳಿಸುತ್ತದೆ

ಹೊಳೆಯಲ್ಲಿ ಚಿನ್ನ ಜಾಲಿಸಲು ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ತಟ್ಟೆ ಕೊಳ್ಳಬೇಕೆಂದು. ಒಳಬದಿಯ ಒಂದು ಕಡೆ ಕಣ ತಡೆಯುವ ಗೀರುಗಳಿರುವ ಪ್ಲಾಸ್ಟಿಕ್ ತಟ್ಟೆ ಸಾಕು. ಹಸಿರು ಬಣ್ಣದ್ದಾದರೆ ಕಣ ಬೇಗ ಕಣ್ಣಿಗೆ ಬೀಳುತ್ತದೆ. ತಟ್ಟೆಗಿಂತ ಮುಖ್ಯವಾದದ್ದು ದಡದಲ್ಲಿ ಸುಮ್ಮನೆ ಕುಳಿತು ನೀರನ್ನು ನೋಡುವ ಅರ್ಧ ಗಂಟೆ. ಅಲ್ಲಿ ಅಗೆಯಲು ಅನುಮತಿ ಇದೆಯೇ ಎಂಬುದನ್ನು ಅದಕ್ಕೂ ಮೊದಲೇ ವಿಚಾರಿಸಿರಬೇಕು. ಜಮೀನಿನವರ ಒಪ್ಪಿಗೆ ಬೇರೆ, ಖನಿಜದ ಹಕ್ಕು ಬೇರೆ.

ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಬೆಣಚುಕಲ್ಲಿನ ಮರಳು ಮೂರು ಪಟ್ಟೂ ಇಲ್ಲ. ಹಾಗಾಗಿ ಚಿನ್ನ ಹೆಚ್ಚಾಗಿ ಕದಲುವುದು ನೆರೆ ಬಂದಾಗ. ಸೆಳೆತ ಎಲ್ಲಿ ತಗ್ಗುತ್ತದೆಯೋ ಅಲ್ಲೇ ಕೂರುತ್ತದೆ. ಇಂದಿನ ತೆಳು ಹರಿವನ್ನು ಮರೆತು, ನೆರೆಯ ದಿನ ನೀರು ಎಲ್ಲಿ ಸುಸ್ತಾಗಿರಬಹುದು ಎಂದು ಯೋಚಿಸಿ. ತಿರುವಿನ ಒಳಬದಿಯ ದಿಣ್ಣೆ, ಅದರಲ್ಲೂ ದಪ್ಪ ಕಲ್ಲುಗಳಿರುವ ಮೇಲ್ತುದಿ. ದೊಡ್ಡ ಬಂಡೆಯ ಕೆಳಮಗ್ಗುಲು. ನೆರೆಮಟ್ಟದಲ್ಲಿ ಬೆಳೆದ ಪಾಚಿ.

ನನಗೆ ಎಲ್ಲಕ್ಕಿಂತ ಇಷ್ಟ ತಳಬಂಡೆಯ ಬಿರುಕು. ಹರಿವಿಗೆ ಅಡ್ಡವಾಗಿದ್ದು, ಬೆರಳು ತೂರುವಷ್ಟು ಅಗಲವಿದ್ದರೆ ಒಳ್ಳೆಯದು. ಒಳಗೆ ಜಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ತುಕ್ಕು ಹಿಡಿದ ಮೊಳೆ, ಗಾಳದ ಸೀಸದ ಗುಂಡು ಸಿಕ್ಕರೆ ಹಿಗ್ಗುತ್ತೇನೆ: ಭಾರವಾದದ್ದೆಲ್ಲ ಅಲ್ಲಿ ನಿಲ್ಲುತ್ತಿದೆ ಎಂದರ್ಥ. ಒಮ್ಮೆ ಅಂಥ ಬಿರುಕಿನಿಂದ ಮೂರು ತಟ್ಟೆ ಜಾಲಿಸಿದರೂ ಏನೂ ಕಾಣಲಿಲ್ಲ. ತಳದಲ್ಲಿ ಉಳಿದಿದ್ದ ಎರಡು ಚಮಚದಷ್ಟು ಜೇಡಿಯನ್ನು ಬಗ್ಗಿಸಿದ ತಂತಿಯಿಂದ ಕೆರೆದು, ಕುಂಚದಿಂದ ಗುಡಿಸಿ ತೊಳೆದೆ. ಏಳು ಕಣಗಳಿದ್ದವು, ಒಂದು ಎಳ್ಳಿನಷ್ಟು ಅಗಲ. ಅಂದಿನಿಂದ ಬಿರುಕಿನ ತಳ ಬೋಳಾಗುವವರೆಗೆ ಏಳುವುದಿಲ್ಲ.

ಈಗ ಜಾಲಿಸುವ ಕೆಲಸ. ತಟ್ಟೆಯ ಮುಕ್ಕಾಲು ತುಂಬಿಸಿ ನೀರಿನಲ್ಲಿ ಮುಳುಗಿಸಿ. ಜೇಡಿಯ ಉಂಡೆಗಳನ್ನು ಬೆರಳಿನಿಂದ ಪೂರ್ತಿ ಕದಡಿ. ಉರುಳಿಹೋಗುವ ಉಂಡೆ ಕಣಗಳನ್ನೂ ಒಯ್ಯುತ್ತದೆ. ಕಲ್ಲುಗಳನ್ನು ತಟ್ಟೆಯಲ್ಲೇ ತೊಳೆದು ಆಚೆ ಹಾಕಿ. ಆಮೇಲೆ ತಟ್ಟೆಯನ್ನು ಸಮತಟ್ಟಾಗಿ, ನೀರೊಳಗೇ ಹಿಡಿದು ಎಡಬಲಕ್ಕೆ ಜೋರಾಗಿ ಅಲುಗಿಸಿ. ಚಿನ್ನ ತಳ ಸೇರುವುದು ಈ ಅಲುಗಾಟದಲ್ಲಿ. ಹೊಸಬರು ಕೈ ಜಾರುವುದೂ ಇಲ್ಲೇ, ಅವಸರದಿಂದ ಬಾಗಿಸಿಬಿಡುತ್ತಾರೆ. ನಿಧಾನವಾಗಿ ಎಣಿಸುತ್ತಾ ಇಪ್ಪತ್ತರವರೆಗೆ ಅಲುಗಿಸಿ, ಬಳಿಕ ಗೀರಿನ ಬದಿಯನ್ನು ತಗ್ಗಿಸಿ, ಮೇಲಿನ ಪದರವನ್ನಷ್ಟೇ ನೀರು ಎಳೆದೊಯ್ಯಲಿ. ನಾಲ್ಕೈದು ಅಲೆಗೊಮ್ಮೆ ಮತ್ತೆ ಸಮ ಮಾಡಿ ಅಲುಗಿಸಿ.

ಕೈ ಪಳಗಿದೆಯೇ ಎಂದು ತಿಳಿಯಲು, ಎಣಿಸಿದ ಹತ್ತು ಸೀಸದ ಚೂರುಗಳನ್ನು ಚಪ್ಪಟೆ ಮಾಡಿ ಮಣ್ಣಿಗೆ ಬೆರೆಸಿ ಜಾಲಿಸಿ. ಸೀಸ ಚಿನ್ನಕ್ಕಿಂತ ಹಗುರ. ಹತ್ತೂ ಉಳಿದರೆ ಚಿನ್ನವೂ ಉಳಿಯುತ್ತದೆ.

ಕೊನೆಗೆ ಉಳಿಯುವುದು ಕಪ್ಪು ಮರಳು, ಅಂದರೆ ಕಬ್ಬಿಣದ ಅಂಶವಿರುವ ಭಾರದ ಕಣಗಳು. ಸ್ವಲ್ಪವೇ ನೀರಿಟ್ಟು ಸುತ್ತಿಸಿದರೆ ಅದು ಮುಂದೆ ಸರಿದು, ಹಿಂದೆ ಹಳದಿ ಗೆರೆ ಉಳಿಯುತ್ತದೆ. ನವಿರು ಹುಡಿ ತೇಲುತ್ತಿದ್ದರೆ ಒಂದೇ ತೊಟ್ಟು ಸಾಬೂನು ನೀರು ಹಾಕಿ, ಮುಳುಗುತ್ತದೆ. ನೆರಳಿನಲ್ಲಿ ಹಿಡಿದು ನೋಡಿ: ಕಾಗೆಬಂಗಾರ ಮಂಕಾಗುತ್ತದೆ, ಚಿನ್ನ ಹಳದಿಯಾಗಿಯೇ ಇರುತ್ತದೆ. ಚಿನ್ನದಂತೆ ಕಾಣುವ ಪೈರೈಟ್ ಎಂಬ ಖನಿಜವನ್ನು ಸೂಜಿಯಿಂದ ಒತ್ತಿದರೆ ಪುಡಿಯಾಗುತ್ತದೆ, ಚಿನ್ನ ಒಡೆಯದೆ ತಗ್ಗು ಬೀಳುತ್ತದೆ. ಪಾದರಸವನ್ನು ಮಾತ್ರ ಹತ್ತಿರವೂ ತರಬೇಡಿ. ಅದು ನಿಮಗೂ ಮೀನಿಗೂ ವಿಷ.

ಹೊರಡುವ ಮುನ್ನ ತೋಡಿದ ಗುಂಡಿಗಳನ್ನು ಮುಚ್ಚಿ. ಉಳಿದ ಕಪ್ಪು ಮರಳನ್ನು ಡಬ್ಬಿಯಲ್ಲಿ ಮನೆಗೆ ತಂದು ಒಣಗಿಸಿ, ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತ ಎಳೆಯಿರಿ. ಹೊಳೆಯಲ್ಲಿ ಕಾಣದ ಹುಡಿ ಅಲ್ಲಿ ಕಾಣಿಸಬಹುದು.